ಹುಲ್ಲಿನ ಮೇಲೆ ಸಿಮೆಂಟ್ ಮೆತ್ತಿದರೆ ಪರ್ಸಿ ಕೂರುತ್ತದೆಯೇ?

ಸಂಪಾದಕರೇ, ನಮಸ್ಕಾರ.

ಮೇ ತಿಂಗಳು ಬಂತೆಂದರೆ ಪತ್ರಿಕೆಗೆ ಚರಂಡಿ, ಹೂಳು, ತಗ್ಗು ಬಿದ್ದ ರಸ್ತೆ ಅಂತ ಪತ್ರಗಳು ಬರುತ್ತವೆ. ಬರಲೇಬೇಕು. ನಾನು ಬರೆಯುತ್ತಿರುವುದು ಅದಕ್ಕಿಂತ ಸಣ್ಣ ವಿಷಯ, ಕಾಲಡಿಯ ಪರ್ಸಿ ಕಲ್ಲುಗಳ, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಚಪ್ಪಡಿಗಳ, ಸಂದಿಯ ಬಗ್ಗೆ. ನಗಬೇಡಿ. ಹೋದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಉದ್ಯಾನಕ್ಕೆ ವಾಕಿಂಗ್ ಹೋದವರಲ್ಲಿ, ಕಲ್ಲಿನ ಅಡಿಯ ಕೆಸರು ನೀರು ಪಿಚಕ್ಕನೆ ಚಿಮ್ಮಿ ಪ್ಯಾಂಟೋ ಸೀರೆಯೋ ಹಾಳಾಗದವರು ಯಾರೂ ಇಲ್ಲ. ಒಂದು ಮೂಲೆ ತುಳಿದರೆ ಇನ್ನೊಂದು ಮೂಲೆ ಏಳುತ್ತದೆ. ವಯಸ್ಸಾದವರು ಎಡವುವುದು ಅಲ್ಲೇ.

ಏಪ್ರಿಲ್‌ನಲ್ಲಿ ರಿಪೇರಿ ಆಯಿತು ಅನ್ನಿ. ನಾನೇ ನಿಂತು ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ, ಕಲ್ಲಿನ ಮೇಲೆ ಬರಿಗಾಲು ಇಡಲಾಗದ ಕಲಬುರಗಿ ಬಿಸಿಲು. ಇಬ್ಬರು ಹುಡುಗರು ಬಕೆಟ್‌ನಲ್ಲಿ ಸಿಮೆಂಟ್ ಕಲಸಿಕೊಂಡು ಬಂದು ಸಂದಿಯ ಹುಲ್ಲಿನ ಮೇಲೆ, ಹೌದು, ಹುಲ್ಲಿನ ಮೇಲೆಯೇ, ಕರಣೆಯಿಂದ ಮೆತ್ತುತ್ತಾ ಹೋದರು. ಮೊದಲು ನೀರು ಚಿಮುಕಿಸಲಿಲ್ಲ, ಆಮೇಲೂ ಉಣಿಸಲಿಲ್ಲ. ಸಂಜೆಗೆ ಮಕ್ಕಳು ಅದರ ಮೇಲೆ ಸೈಕಲ್ ಓಡಿಸಿದರು. ಹದಿನೈದು ದಿನಕ್ಕೆ ಎಲ್ಲ ಹಪ್ಪಳದ ಹಾಗೆ ಎದ್ದು ಬಂತು. ಒಂದು ಚೂರು ಎತ್ತಿ ನೋಡಿದೆ. ಕಾಲು ಇಂಚೂ ದಪ್ಪ ಇಲ್ಲ, ಅಡಿಭಾಗದಲ್ಲಿ ಗರಿಕೆಯ ಎಸಳು ಅಚ್ಚೊತ್ತಿದಂತೆ ಮೂಡಿತ್ತು. ಆ ಹುಡುಗರನ್ನು ಬೈದು ಉಪಯೋಗವಿಲ್ಲ, ಹೇಳಿದ್ದನ್ನು ಮಾಡಿದ್ದಾರೆ ಅಷ್ಟೆ. ಹೇಳಿಕೊಡಬೇಕಾದವರು ಅಲ್ಲಿ ಇರಲಿಲ್ಲ.

ಇದನ್ನೆಲ್ಲ ಹೇಳಲು ನಾನೇನು ದೊಡ್ಡ ಜಾಣನಲ್ಲ. ನಮ್ಮ ಮನೆ ಅಂಗಳದಲ್ಲಿ ನಾನೂ ಇದೇ ತಪ್ಪು ಎರಡು ಸಲ ಮಾಡಿದ್ದೇನೆ. ಮೂರನೇ ಸಲ ಶಹಾಬಾದ್ ಕಡೆಯ ಒಬ್ಬ ಹಳೆ ಗೌಂಡಿ ಬಂದರು. ಸಂದಿ ನೋಡಲೇ ಇಲ್ಲ ಪುಣ್ಯಾತ್ಮ. ಸುತ್ತಿಗೆಯ ಹಿಡಿಯಿಂದ ಒಂದೊಂದೇ ಕಲ್ಲು ಬಡಿಯುತ್ತಾ ಹೋದರು. ಕೆಲವು 'ಟಕ್' ಅಂದವು, ಕೆಲವು 'ಡಬ್' ಅಂದವು. "ಸರ್, ಕಲ್ಲೇ ಕುಂತಿಲ್ಲ, ಸಂದಿ ತುಂಬಿ ಏನ್ ಮಾಡ್ತೀರಿ?" ಅಂದರು. ಡಬ್ ಅಂದ ಕಲ್ಲಿನ ಅಡಿ ಟೊಳ್ಳು. ಅದನ್ನು ಎಬ್ಬಿಸಿ, ಕೆಳಗೆ ತುಂಬಿ, ಗಟ್ಟಿ ಕೂರಿಸಿದ ಮೇಲೆ ಸಂದಿಯ ಮಾತು.

ನಮ್ಮ ನೆಲದ ಸ್ವಭಾವ ಎಲ್ಲರಿಗೂ ಗೊತ್ತಿದ್ದದ್ದೇ. ಎರೆ ಮಣ್ಣು. ತೊಗರಿಗೆ ಬಂಗಾರ, ಮನೆ ಕಟ್ಟುವವನಿಗೆ ತಲೆನೋವು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಬರೀ ಉಸುಕು ಹರಡಿ ಹಾಸಿದ ಕಲ್ಲು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡಿಯೇ ಆಡುತ್ತದೆ. ಕಲ್ಲು ಆಡುವಾಗ ಸಂದಿಯಲ್ಲಿ ಮಾತ್ರ ಬಿಗಿ ಸಿಮೆಂಟ್ ಇದ್ದರೆ ಏನಾಗುತ್ತದೆ? ಬಿರಿಯುತ್ತದೆ. ಬಿರಿದ ಕಡೆ ನೀರು ಇಳಿಯುತ್ತದೆ, ಅಡಿಯ ಉಸುಕನ್ನು ಕೊಚ್ಚಿಕೊಂಡು ಹೋಗುತ್ತದೆ. ಮಿಕ್ಕಿದ್ದನ್ನು ಇರುವೆಗಳು ಹೊತ್ತು ಮೇಲೆ ಗುಡ್ಡೆ ಹಾಕುತ್ತವೆ. ಕಲ್ಲು ಇನ್ನಷ್ಟು ಟೊಳ್ಳಾಗುತ್ತದೆ.

ಹಾಗಾಗಿ ಗೌಂಡಿ ಹೇಳಿದ್ದು ಸರಳ. ಅಡಿಯಲ್ಲಿ ಕಾಂಕ್ರೀಟ್ ಇದ್ದರೆ ಸಂದಿಗೂ ಸಿಮೆಂಟ್. ಅಡಿಯಲ್ಲಿ ಉಸುಕು, ಮುರುಮ್ (ಗರಸು ಮಣ್ಣು) ಇದ್ದರೆ ಸಂದಿಗೆ ಕ್ರಷರ್ ಡಸ್ಟ್, ಅಂದರೆ ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ. ಒಂದು ಬಿಗಿ ಒಂದು ಸಡಿಲ ಮಾಡಿದರೆ ಎರಡೂ ಹಾಳು. (ಮಾಳಿಗೆ ಮೇಲಿನ ಪರ್ಸಿಯ ಮಾತು ಬೇರೆ, ಅಲ್ಲಿ ಒಂದು ಹನಿ ಕೂಡ ಕೆಳಗೆ ಇಳಿಯಬಾರದು.)

ಡಸ್ಟ್ ತುಂಬುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಹುಲ್ಲನ್ನು ಬೇರು ಸಮೇತ ಕಿತ್ತು, ಹಳೆ ಮಣ್ಣನ್ನು ಕಬ್ಬಿಣದ ಕಡ್ಡಿಯಿಂದ ಕೆರೆದು ತೆಗೆಯಬೇಕು. ಒಣಗಿದ ಡಸ್ಟ್ ಸುರಿದು ಕಸಬರಿಗೆಯಿಂದ ಅಡ್ಡಡ್ಡ ಗುಡಿಸಿದರೆ ತಾನಾಗಿ ಇಳಿಯುತ್ತದೆ. ಕಲ್ಲಿನ ಮೇಲೆ ಹಲಗೆ ಇಟ್ಟು ಮೆಲ್ಲಗೆ ಬಡಿದು, ಮತ್ತೆ ಸುರಿದು, ಮತ್ತೆ ಗುಡಿಸಬೇಕು. ಡಸ್ಟ್ ಹಸಿ ಇದ್ದರೆ ಇಳಿಯುವುದಿಲ್ಲ, ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಈ ಕೆಲಸಕ್ಕೆ ಮೇ ತಿಂಗಳು ಸರಿ. ಮೊದಲ ಮಳೆಗೆ ಸ್ವಲ್ಪ ಕುಸಿಯುತ್ತದೆ, ಇನ್ನೊಮ್ಮೆ ತುಂಬಿ. ಆಮೇಲೆ ಪೈಪ್ ಹಿಡಿದು ಸಂದಿಗೇ ನೀರು ಬಿಡುವ ಚಟ ಇದ್ದರೆ ಮಾತ್ರ ಬಿಡಿ.

ಸಿಮೆಂಟ್ ಮಾಡುವ ಕಡೆ ಕೆಲಸ ಜಾಸ್ತಿ. ಸಂದಿಯನ್ನು ಕನಿಷ್ಠ ಒಂದು ಇಂಚು ಆಳ ಕೆತ್ತಬೇಕು, ಧೂಳು ತೊಳೆಯಬೇಕು, ಕಲ್ಲಿನ ಅಂಚು ಹಸಿ ಇರಬೇಕು, ಆದರೆ ನೀರು ನಿಂತಿರಬಾರದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು. ಒತ್ತಿ ತುಂಬಬೇಕು, ಮೇಲೆ ಸವರಿದರೆ ಸಾಲದು. ಬೆಳಿಗ್ಗೆ ಅಥವಾ ಬಿಸಿಲು ಇಳಿದ ಮೇಲೆ ಮಾಡಿ, ಗೋಣಿ ತಟ್ಟು ಹಾಸಿ ಏಳು ದಿನ ಹಸಿ ಇಡಬೇಕು. ನಮ್ಮಲ್ಲಿ ತಪ್ಪುವುದು ಈ ಏಳು ದಿನ. ಏಪ್ರಿಲ್ ಬಿಸಿಲಲ್ಲಿ ನೀರು ಉಣದ ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಇನ್ನೊಂದು ಮಾತು, ಇದು ಮಾತ್ರ ಕೈ ಮುಗಿದು ಕೇಳುವುದು. ಕೆಲಸ ಮುಗಿದ ಮೇಲೆ ಕಲ್ಲಿನ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯಬೇಡಿ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ಬುಸ್ ಅಂತ ನೊರೆ ಬರುತ್ತದೆ, ಕಲೆ ಹೋಯಿತು ಅಂತ ನಾವು ಖುಷಿಪಡುತ್ತೇವೆ. ಹೋಗುತ್ತಿರುವುದು ಕಲ್ಲೇ. ನಮ್ಮ ಬಚ್ಚಲಿನ ಹೊರಗಿನ ಎರಡು ಕಲ್ಲು ಹಾಗೆಯೇ ಒರಟಾಗಿ, ಹೊಳಪು ಹೋಗಿ, ಈಗ ಪಾಚಿ ಹಿಡಿಯುತ್ತಿವೆ. ಸಿಮೆಂಟ್ ಹಸಿ ಇದ್ದಾಗಲೇ ಒದ್ದೆ ಬಟ್ಟೆಯಿಂದ ಒರೆಸಿದ್ದರೆ ಮುಗಿದುಹೋಗುತ್ತಿತ್ತು.

ಈಗ ಹೊಸ ಸುದ್ದಿ ಏನೆಂದರೆ, ಉದ್ಯಾನದ ಪರ್ಸಿ ಎಲ್ಲ ಕಿತ್ತು ಬಣ್ಣದ ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಹಾಕುತ್ತಾರಂತೆ. ಸಂದಿ ನೋಡಿಕೊಳ್ಳದವರು ಇಂಟರ್‌ಲಾಕ್ ಹಾಕಿ ಏನು ಮಾಡುತ್ತಾರೆ, ನನಗೆ ತಿಳಿಯದು. ಆ ಬ್ಲಾಕ್‌ಗಳ ನಡುವೆಯೂ 2ರಿಂದ 4 ಮಿಲಿಮೀಟರ್ ಸಂದಿ ಇರಬೇಕು, ಅದರ ತುಂಬ ಸಣ್ಣ ಉಸುಕು ಇರಬೇಕು. ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಳ್ಳಲು ಆ ಉಸುಕೇ ಬೇಕು. ಉಸುಕು ಹೋದರೆ ಅವೂ ಅಲುಗಾಡುತ್ತವೆ, ಮೂರು ವರ್ಷಕ್ಕೆ ಮತ್ತೊಂದು ಟೆಂಡರ್.

ಕಲ್ಲಿಗೇನು ಬರವೇ? ಶಹಾಬಾದ್ ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ ದಾರಿ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸಿಮೆಂಟ್ ಆಗುವುದೂ ಇದೇ ನೆಲದ ಸುಣ್ಣದ ಕಲ್ಲೇ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಇಂಥ ಸುಣ್ಣಕಲ್ಲಿನ ಹಲಗೆಗಳ ಮೇಲೆಯೇ ಅಶೋಕನ ಚಿತ್ರ ಕೆತ್ತಿದ್ದಾರೆ. ಇಂದಿಗೂ ಮುಖ ಗುರುತು ಸಿಗುತ್ತದೆ. ನಮಗೆ ಅದೇ ಕಲ್ಲನ್ನು ನಾಲ್ಕು ವರ್ಷ ಅಲುಗಾಡದಂತೆ ಇಡಲು ಆಗುತ್ತಿಲ್ಲ.

ಸಂಬಂಧಪಟ್ಟವರಲ್ಲಿ ಕೇಳುವುದು ಇಷ್ಟೆ. ಕೀಳಬೇಡಿ. ಕೇಬಲ್, ನಲ್ಲಿ ಅಂತ ಅಗೆದವರು ಹಸಿ ಮಣ್ಣಿನ ಮೇಲೆ ಕಲ್ಲು ಇಟ್ಟು ಹೋದರೆ ಬಿಲ್ ಕೊಡಬೇಡಿ, ಮುರುಮ್ ಹಾಕಿ ಬಡಿದು ಕೂರಿಸಲಿ. ನಮ್ಮ ಉದ್ಯಾನದಲ್ಲಿ ಡಬ್ ಅನ್ನುವ ಕಲ್ಲು ಒಟ್ಟು 41, ನಾನೇ ಬಡಿದು ನೋಡಿದ್ದೇನೆ. ಮನೆಯವಳು "ನಿಮಗೆ ಬೇರೆ ಕೆಲಸ ಇಲ್ವಾ" ಅಂದಳು, ಇರಲಿ. ಇಬ್ಬರು ಗೌಂಡಿಗಳು, ಒಬ್ಬ ಕೂಲಿ ಬಂದರೆ ನಾಲ್ಕೈದು ದಿನದ ಕೆಲಸ. ಹುಡುಕುವ ಕಷ್ಟ ಬೇಡ ಅಂತ ಆ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟಿದ್ದೇನೆ. ಜೂನ್ ಮೊದಲ ವಾರ ಕಳೆದರೆ ಮಿರಗದ (ಮೃಗಶಿರಾ) ಮಳೆ, ಗುರುತು ಅಳಿಸಿಹೋಗುತ್ತದೆ. ಅಷ್ಟರೊಳಗೆ ಯಾರನ್ನಾದರೂ ಕಳಿಸಿ.

ಇಂತಿ,
ದಿನಾ ಅದೇ ಉದ್ಯಾನದಲ್ಲಿ ತಿರುಗಾಡುವ ಓದುಗ
ಕಲಬುರಗಿ