ಮುಂದೆ ಎರಡು, ಹಿಂದೆ ಒಂದು: ನಮ್ಮ ಪಿಸಿಗಳಲ್ಲಿ ಫ್ಯಾನ್ ಜೋಡಣೆ ಬದಲಾಗುತ್ತಿದೆ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಅಂಗಡಿಯಲ್ಲಿ ಜೋಡಿಸುವ ಡೆಸ್ಕ್‌ಟಾಪ್‌ಗಳಲ್ಲಿ ಫ್ಯಾನ್ ಕೂರಿಸುವ ರೀತಿ ಬದಲಾಗುತ್ತಿದೆ. ನೀವು ಬೇರೇನೂ ಹೇಳದಿದ್ದರೆ ಮುಂಭಾಗ ಜಾಲರಿ ಇರುವ ಕ್ಯಾಬಿನೆಟ್ ಕೊಡುತ್ತೇವೆ. ಗಾಳಿ ಒಳಗೆ ಎಳೆಯಲು ಮುಂದೆ 140 ಮಿ.ಮೀ.ನ ಎರಡು ಫ್ಯಾನ್, ಹೊರಗೆ ತಳ್ಳಲು ಹಿಂದೆ 120 ಮಿ.ಮೀ.ನ ಒಂದು. ಅಷ್ಟೇ, ಮೂರೇ ಫ್ಯಾನ್. ಮುಂದೆ ಗಾಜು, ಒಳಗೆ ಆರು ಬಣ್ಣದ ಫ್ಯಾನ್ ಇರುವ ಕ್ಯಾಬಿನೆಟ್ ಇನ್ನು ಕೇಳಿದವರಿಗೆ ಮಾತ್ರ. ಬೆಲೆ ಏರಿಸಿಲ್ಲ. ಲೈಟಿಗೆ ಹೋಗುತ್ತಿದ್ದ ದುಡ್ಡು ದೊಡ್ಡ ಫ್ಯಾನಿಗೆ, ಡಸ್ಟ್ ಫಿಲ್ಟರಿಗೆ ಹೋಗುತ್ತದೆ.

"ಆರರಿಂದ ಮೂರಕ್ಕೆ ಇಳಿಸಿದರೆ ಬಿಸಿ ಜಾಸ್ತಿ ಆಗಲ್ವಾ?" ಅಂತ ಈಗಾಗಲೇ ಕೇಳುತ್ತಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ನಮ್ಮ ಊರಿನ ವಿಷಯ. ಕಲಬುರಗಿಯಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಕ್ಯಾಬಿನೆಟ್ ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಅದೇನು ಎಸಿ ಅಲ್ಲ. ಕೋಣೆಯ ಗಾಳಿಯನ್ನು ಒಳಗೆ ತಂದು ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೇ ಅದರ ಕೆಲಸ. ಕೋಣೆ 25 ಡಿಗ್ರಿ ಇದ್ದಾಗ ಪ್ರೊಸೆಸರ್ 75ರಲ್ಲಿ ನಿಂತಿದ್ದರೆ, ಕೋಣೆ 40 ಆದಾಗ ಅದೇ ಕೆಲಸಕ್ಕೆ ಅದು 90ರ ಹತ್ತಿರ ಹೋಗುತ್ತದೆ. ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಹೆಚ್ಚಿನ ಪ್ರೊಸೆಸರ್‌ಗಳಿಗೆ 95 ಡಿಗ್ರಿಯೇ ಮಿತಿ. ಅಲ್ಲಿಗೆ ಬಂದರೆ ಅವು ತಾವೇ ವೇಗ ಇಳಿಸಿಕೊಳ್ಳುತ್ತವೆ. ಮದುವೆ ಸೀಸನ್ನೂ ಬಿಸಿಲೂ ಒಟ್ಟಿಗೇ ಬರುವ ಈ ಊರಲ್ಲಿ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡಿ ತೆಗೆಯುವ ಕೆಲಸ, ಮುಗಿಯುವುದೇ ಇಲ್ಲ!

ಈಗ ಗಾಜಿನ ಕ್ಯಾಬಿನೆಟ್ ನೋಡಿ. ಮುಂದೆ ಮೂರು ಫ್ಯಾನ್ ಇರುತ್ತವೆ, ಆದರೆ ಅವುಗಳ ಎದುರಿಗೆ ಪೂರ್ತಿ ಗಾಜು, ಗಾಳಿ ಬರಬೇಕಾದರೆ ಅಂಚಿನ ಸಣ್ಣ ಸಂದಿಯಿಂದಲೇ ಬರಬೇಕು. ಫ್ಯಾನ್ ಜೋರಾಗಿ ತಿರುಗುತ್ತದೆ, ಸದ್ದೂ ಬರುತ್ತದೆ, ಗಾಳಿ ಮಾತ್ರ ಅಷ್ಟಕ್ಕಷ್ಟೇ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುವಾಗ ಸುಮಾರು 170 ವ್ಯಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 4070 ಆದರೆ 200. ಆ ಕರೆಂಟ್ ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಬಿಸಿಯಾಗಿಯೇ ಕ್ಯಾಬಿನೆಟ್ಟಿನೊಳಗೆ ಬೀಳುತ್ತದೆ. ಅದು ಹೊರಗೆ ಹೋಗಬೇಕಾದರೆ ಎದುರುಬದುರು ಬಾಗಿಲು ತೆಗೆದ ಮನೆಯ ಹಾಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವ ದಾರಿ ಬೇಕು. ದಾರಿ ಚೆನ್ನಾಗಿದ್ದರೆ ಮೂರು ಫ್ಯಾನ್ ಸಾಕು. ಫ್ಯಾನ್ ದೊಡ್ಡದಾದಷ್ಟೂ ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ತರುತ್ತದೆ, ಹಾಗಾಗಿ ಸದ್ದು ಕಡಿಮೆ.

ಮೇಲ್ಭಾಗದ ಫ್ಯಾನ್ ಬಗ್ಗೆ ಜಗಳವೇ ನಡೆಯುತ್ತದೆ. "ಬಿಸಿ ಗಾಳಿ ಮೇಲಕ್ಕೆ ಏಳುತ್ತೆ, ಮೇಲೆ ಯಾಕೆ ಹಾಕಿಲ್ಲ?" ಏಳುತ್ತದೆ, ನಿಜ. ಆದರೆ ಅದು ತಾನಾಗಿ ಏಳುವ ಬಲ ಫ್ಯಾನಿನ ಬಲದ ಮುಂದೆ ಏನೇನೂ ಅಲ್ಲ, ಫ್ಯಾನ್ ತಳ್ಳಿದ ಕಡೆಗೇ ಗಾಳಿ ಹೋಗುವುದು. ಮೇಲ್ಭಾಗದಲ್ಲಿ ಹಿಂದಿನ ಜಾಗಕ್ಕೆ, ಅಂದರೆ ಪ್ರೊಸೆಸರ್ ಕೂಲರಿನ (ಪ್ರೊಸೆಸರ್ ಬಿಸಿ ಎಳೆದುಕೊಳ್ಳುವ, ರೆಕ್ಕೆಗಳಿರುವ ಭಾಗ) ಮೇಲ್ಗಡೆಗೆ, ಒಂದು ಫ್ಯಾನ್ ಹಾಕಿದರೆ ಸ್ವಲ್ಪ ಉಪಯೋಗ ಇದೆ. ಮುಂದಿನ ಜಾಗಕ್ಕೆ ಹಾಕಿದರೆ? ಈಗಷ್ಟೇ ಒಳಗೆ ಬಂದ ತಾಜಾ ಗಾಳಿ ಕೂಲರ್ ಮುಟ್ಟುವ ಮೊದಲೇ ಮೇಲಿಂದ ಹೊರಗೆ ಹೋಗುತ್ತದೆ. ದುಡ್ಡು ಕೊಟ್ಟು ಬಿಸಿ ತಂದುಕೊಂಡ ಹಾಗೆ. ಅದಕ್ಕೇ ಅದನ್ನು ಖಾಲಿ ಬಿಡುತ್ತೇವೆ, ಮರೆತುಬಿಟ್ಟಿದ್ದೇವೆ ಅಂದುಕೊಳ್ಳಬೇಡಿ. ಪ್ರೊಸೆಸರ್ ಬಿಸಿಯನ್ನು ನೀರಿನ ಮೂಲಕ ಸಾಗಿಸುವ 240 ಮಿ.ಮೀ.ನ ವಾಟರ್ ಕೂಲರ್ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಅದರ ರೇಡಿಯೇಟರನ್ನು, ಅಂದರೆ ಆ ನೀರಿನ ಬಿಸಿ ಹೊರಹಾಕುವ ಭಾಗವನ್ನು, ಮೇಲ್ಭಾಗದಲ್ಲಿ ಕೂರಿಸುತ್ತೇವೆ, ಆಗ ಮುಂದೆ 120ರ ಮೂರು ಫ್ಯಾನ್ ಹಾಕಿ ಸರಿದೂಗಿಸುತ್ತೇವೆ.

ಇನ್ನು ಧೂಳು. ನಮ್ಮ ಪ್ರಕಾರ ಈ ಬದಲಾವಣೆಗೆ ದೊಡ್ಡ ಕಾರಣ ಇದೇ. ದಾಲ್ ಮಿಲ್ ಆಫೀಸುಗಳಿಂದ ಸರ್ವಿಸಿಗೆ ಬರುವ ಕ್ಯಾಬಿನೆಟ್ ತೆಗೆದರೆ ಕೂಲರಿನ ರೆಕ್ಕೆಗಳ ನಡುವೆ ತೊಗರಿಯ ಹೊಟ್ಟು, ಧೂಳು ಎಲ್ಲ ಸೇರಿ ಗಟ್ಟಿ ಪದರವಾಗಿರುತ್ತದೆ. ಒಳಗೆ ಬರುವ ಗಾಳಿಗಿಂತ ಹೊರಗೆ ಹೋಗುವುದು ಜಾಸ್ತಿ ಆದರೆ, ಆ ಕೊರತೆ ತುಂಬಲು ಗಾಳಿ ಸಿಕ್ಕ ಸಿಕ್ಕ ಸಂದಿಯಿಂದೆಲ್ಲ ನುಗ್ಗುತ್ತದೆ. ಯುಎಸ್‌ಬಿ ತೂತು, ಹಿಂದಿನ ಸ್ಲಾಟು, ಪಕ್ಕದ ಬಾಗಿಲಿನ ಅಂಚು, ಎಲ್ಲಿಂದ ಬೇಕಾದರೂ. ಅಲ್ಲೆಲ್ಲ ಫಿಲ್ಟರ್ ಎಲ್ಲಿರುತ್ತದೆ? ಒಳಗೆ ಬರುವುದೇ ಜಾಸ್ತಿ ಇದ್ದರೆ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳು ಮುಂದಿನ ಫಿಲ್ಟರಿನಲ್ಲೇ ನಿಲ್ಲುತ್ತದೆ. ಮುಂದೆ ಎರಡು ದೊಡ್ಡದು, ಹಿಂದೆ ಒಂದು ಚಿಕ್ಕದು ಇಟ್ಟಿರುವುದು ಇದಕ್ಕಾಗಿಯೇ. ಇದರಲ್ಲಿ ನಿಮಗೊಂದು ಕೆಲಸವೂ ಇದೆ. ಆ ಫಿಲ್ಟರನ್ನು ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ ಹಾಕುತ್ತಿರಬೇಕು, ಮಿಲ್ ಅಕ್ಕಪಕ್ಕದವರು ತಿಂಗಳಿಗೊಮ್ಮೆಯಾದರೂ. ತೊಳೆಯದಿದ್ದರೆ ಫಿಲ್ಟರ್ ಮುಚ್ಚಿಕೊಂಡು ಮತ್ತೆ ಗಾಜಿನ ಕ್ಯಾಬಿನೆಟ್ಟಿನ ಕಥೆಯೇ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೆಳಗೂ ಒಂದು ಫಿಲ್ಟರ್ ಇದೆ, ಎಲ್ಲರೂ ಅದನ್ನು ಮರೆಯುತ್ತಾರೆ.

ಈಗಾಗಲೇ ನಮ್ಮಿಂದ ಪಿಸಿ ತೆಗೆದುಕೊಂಡವರು ಏನು ಮಾಡಬೇಕು? ಬಹಳಷ್ಟು ಜನ ಏನೂ ಮಾಡಬೇಕಾಗಿಲ್ಲ. ಮನೆಯಲ್ಲೇ ಬದಲಾಯಿಸಿದವರು, ಹೊಸ ಫ್ಯಾನ್ ತಂದು ಹಾಕಿಕೊಂಡವರು ಮಾತ್ರ ದಿಕ್ಕು ನೋಡಿಕೊಳ್ಳಿ. ಸಾಮಾನ್ಯ ಫ್ಯಾನಿನಲ್ಲಿ ಮೋಟರನ್ನು ಹಿಡಿದಿರುವ ಅಡ್ಡ ಕಡ್ಡಿಗಳು ಯಾವ ಕಡೆ ಇವೆಯೋ ಗಾಳಿ ಆ ಕಡೆಗೆ ಹೋಗುತ್ತದೆ. ಅನುಮಾನ ಇದ್ದರೆ ಟಿಶ್ಯೂ ಪೇಪರಿನ ಚೂರು ಹಿಡಿದು ನೋಡಿ. ಮುಂದಿನ ಜಾಲರಿಗೆ ಅದು ಅಂಟಿಕೊಳ್ಳಬೇಕು, ಹಿಂದಿನದರ ಎದುರು ಹಾರಾಡಬೇಕು. ಎರಡೂ ಕಡೆ ಹಾರಾಡಿದರೆ ಮುಂದಿನ ಫ್ಯಾನ್ ಉಲ್ಟಾ ಇದೆ ಅಂತ ಅರ್ಥ.

ಫ್ಯಾನಿಗಿಂತ ಟೇಬಲ್ಲೇ ಕೆಟ್ಟದ್ದು ಮಾಡುವುದೂ ಇದೆ. ಕಂಪ್ಯೂಟರ್ ಟೇಬಲ್ಲಿನಲ್ಲಿ ಸಿಪಿಯು ಇಡುವುದಕ್ಕೆ ಅಂತ ಮೂರು ಕಡೆ ಮುಚ್ಚಿದ ಗೂಡು ಕೊಡುತ್ತಾರಲ್ಲ, ಅದರಲ್ಲಿ ಹಿಂದಿನಿಂದ ಹೋದ ಬಿಸಿ ಗಾಳಿ ಅಲ್ಲೇ ಸುತ್ತಿ ಮುಂದಿನಿಂದ ಮತ್ತೆ ಒಳಗೆ ಬರುತ್ತದೆ. ಆರಲ್ಲ, ಹತ್ತು ಫ್ಯಾನ್ ಹಾಕಿದರೂ ಉಪಯೋಗ ಇಲ್ಲ. ಕ್ಯಾಬಿನೆಟ್ ಹೊರಗೆ ತೆಗೆದಿಡಿ, ಹಿಂದೆ ಗೋಡೆಗೆ ಅರ್ಧ ಅಡಿಯಾದರೂ ಜಾಗ ಬಿಡಿ. ಆಯುಧ ಪೂಜೆ ದಿನ ಹೂವಿನ ಹಾರವನ್ನು ಮುಂದಿನ ಜಾಲರಿಗೆ ಹಾಕಬೇಡಿ, ಮೇಲೆ ಇಟ್ಟರೂ ಪೂಜೆ ಆಗುತ್ತದೆ. ಕುಂಕುಮ ಪಕ್ಕದ ತಗಡಿಗೆ.

ಬಣ್ಣದ ಲೈಟ್ ಬೇಕೇ ಬೇಕು ಅನ್ನುವವರು ಬೇಜಾರಾಗಬೇಡಿ, ಜಾಲರಿ ಕ್ಯಾಬಿನೆಟ್ಟಿಗೂ ಲೈಟಿರುವ ಫ್ಯಾನ್ ಸಿಗುತ್ತದೆ, ವ್ಯತ್ಯಾಸದ ದುಡ್ಡು ಕೊಟ್ಟರೆ ಹಾಕಿಕೊಡುತ್ತೇವೆ. ಮುಂದೆ ಗಾಜು ಮಾತ್ರ ಈ ಬಿಸಿಲಿಗೆ ಬೇಡ ಅನ್ನುವುದು ನಮ್ಮ ಸಲಹೆ.

ಹಳೆಯ ಗ್ರಾಹಕರ ಪಿಸಿಗೆ ಧೂಳು ತೆಗೆದು, ಫ್ಯಾನ್ ದಿಕ್ಕು ಸರಿ ಮಾಡಿ, ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಫ್ಯಾನ್ ವೇಗ ಹೊಂದಿಸಿ ಕೊಡುವುದಕ್ಕೆ ಮೇ ಕೊನೆಯವರೆಗೆ ಕೂಲಿ ತೆಗೆದುಕೊಳ್ಳುವುದಿಲ್ಲ. ಹೊಸ ಫ್ಯಾನ್ ಬೇಕಾದರೆ ಅದರ ಬೆಲೆ ಮಾತ್ರ. ನಾವು ಬಿಚ್ಚಿದರೆ ನಮ್ಮ ವಾರಂಟಿಗೆ ತೊಂದರೆ ಇಲ್ಲ. ಕ್ಯಾಬಿನೆಟ್ ಒಂದನ್ನೇ ತನ್ನಿ, ಮಾನಿಟರ್, ವೈರು ಏನೂ ಬೇಡ. ಆಟೋದಲ್ಲಿ ತರುವುದಾದರೆ ಪಕ್ಕದ ಗಾಜು ಮೇಲೆ ಬರುವ ಹಾಗೆ ಮಲಗಿಸಿ, ಗುಂಡಿ ಬಂದಾಗ ಗ್ರಾಫಿಕ್ಸ್ ಕಾರ್ಡ್ ಜಗ್ಗುವುದು ತಪ್ಪುತ್ತದೆ. ಬರುವ ಮೊದಲು ಒಂದು ವಾಟ್ಸಾಪ್ ಮಾಡಿ, ಬೆಳಿಗ್ಗೆ ಕೊಟ್ಟರೆ ಸಂಜೆಗೆ ಸಿಗುತ್ತದೆ.