ಪುಟ್ಟ ಕಾರಿಗೂ ಪುರವಣಿಯಲ್ಲಿ ಜಾಗ ಕೊಡಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಾಡೆಲ್ ಕಿಟ್ ಜೋಡಿಸುವ, ಅಂದರೆ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಕಾರಿನಂಥವನ್ನು ಕಟ್ಟುವ ಹವ್ಯಾಸದ ಬಗ್ಗೆಯೂ ಬರೆಸಿ. ಈ ಮಳೆಗಾಲದಲ್ಲಿ ನಾನೂ ಮಗಳೂ ಜಪಾನಿನ ಟಮಿಯಾ ಕಂಪನಿಯ 1/24 ಅಳತೆಯ (ನಿಜವಾದ ಕಾರಿನ ಉದ್ದದ ಇಪ್ಪತ್ನಾಲ್ಕನೇ ಒಂದು ಭಾಗದಷ್ಟಿನ) ಸ್ಪೋರ್ಟ್ಸ್ ಕಾರ್ ಕಟ್ಟಿದೆವು. ಅಂಟಿಸುವುದು ಸುಲಭ, ಬಣ್ಣವೇ ಕಷ್ಟ. ಜೋರು ಮಳೆಯ ದಿನ ಲ್ಯಾಕರ್ (ಬೇಗ ಒಣಗುವ ಬಣ್ಣ) ಸ್ಪ್ರೇ ಹೊಡೆದೆವು, ಗಾಳಿಯ ತೇವಕ್ಕೆ ಕೆಂಪು ಬಣ್ಣದ ಮೇಲೆ ಬೆಳ್ಳಗೆ ಮಂಜು ಕೂತಂತಾಯಿತು, ಮಗಳು ಅತ್ತೇಬಿಟ್ಟಳು. ಬಿಸಿಲು ಬಂದ ಮೇಲೆ 2000 ನಂಬರಿನ ತೀರಾ ನುಣುಪಾದ ಸ್ಯಾಂಡ್ ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ತೆಳ್ಳಗೆ ಮೂರು ಕೋಟ್ ಕೊಟ್ಟೆವು. ಒಂದೇ ಸಲ ಜಾಸ್ತಿ ಹೊಡೆದರೆ ಬಾಗಿಲಿನ ಗೆರೆಗಳೇ ಮುಚ್ಚಿಹೋಗುತ್ತವೆ, ಅಲ್ವಾ? ಇಂಥದ್ದನ್ನೆಲ್ಲ ಕನ್ನಡದಲ್ಲಿ ಓದಲು ನಮಗೆ ಆಸೆ. ಸ್ಪ್ರೇ ಹೊಡೆಯುವಾಗ ಮಾಸ್ಕ್ ಹಾಕಿರಬೇಕು, ಕಿಟಕಿ ತೆರೆದಿರಬೇಕು ಅನ್ನುವುದನ್ನೂ ಮರೆಯದೆ ಸೇರಿಸಿ.

– ಓದುಗ, ಮೈಸೂರು