ಜೆರ್ಮಾಟ್‌ಗೆ ಹೊರಡುವ ಮುನ್ನ

ಜ್ಯೂರಿಚ್,
ಅಕ್ಟೋಬರ್ 18

ಪ್ರೀತಿಯ ಅಣ್ಣ ಮತ್ತು ಅತ್ತಿಗೆಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ಫೆಬ್ರವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಸ್ಕೀಯಿಂಗ್‌ಗೆಂದು ಸ್ವಿಟ್ಜರ್ಲೆಂಡಿನ ಬೆಟ್ಟದೂರಾದ ಜೆರ್ಮಾಟ್‌ಗೆ ಬರುವುದಾಗಿ ನೀವು ಬರೆದ ಪತ್ರ ತಲುಪಿತು. ಹೋಟೆಲಿನ ವಿಷಯಕ್ಕೆ ಎರಡು ಪುಟ ಕೊಟ್ಟ ನೀವು ಅಲ್ಲಿಗೆ ತಲುಪುವ ದಾರಿಗೆ ಒಂದೇ ಸಾಲು ಕೊಟ್ಟಿದ್ದೀರಿ. ನಾನು ಕಂಡಂತೆ ಜನರನ್ನು ಸುಸ್ತು ಮಾಡುವುದು ಹೋಟೆಲ್ಲಲ್ಲ, ದಾರಿ. ಅದರಲ್ಲೂ ಕಣಿವೆಯೊಳಗಿನ ಕೊನೆಯ 35 ಕಿಲೋಮೀಟರು.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಸಲ್ಲಿಸಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ಆದ್ದರಿಂದ ಈ ತಿಂಗಳೇ ಸಲ್ಲಿಸಿಬಿಡಿ. ಸ್ವಿಟ್ಜರ್ಲೆಂಡಿಗೂ ಯುರೋಪಿನ ಬಹುಪಾಲು ದೇಶಗಳಿಗೂ ಒಂದೇ ಆದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯವಾಗಿದ್ದರೂ, ಆ ವಿಮೆಯು ಸ್ಕೀಯಿಂಗ್‌ನಲ್ಲಾದ ಪೆಟ್ಟಿಗೂ ಹೆಲಿಕಾಪ್ಟರ್‌ನಲ್ಲಿ ಕೆಳಗಿಳಿಸುವ ವೆಚ್ಚಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯಲ್ಲಿ ನೀವೇ ಓದಿ ಖಚಿತಪಡಿಸಿಕೊಳ್ಳಿ. ಏಜೆಂಟರು ‘ಎಲ್ಲವೂ ಸೇರಿದೆ’ ಎಂದರೆ ನಂಬಬೇಡಿ.

ಶನಿವಾರ ಬಂದಿಳಿಯುವುದು ಬೇಡ. ಆಲ್ಪ್ಸ್‌ನ ಬಹುಪಾಲು ವಸತಿಗಳಲ್ಲಿ ಒಂದು ವಾರದವರು ಖಾಲಿ ಮಾಡಿ ಮುಂದಿನ ವಾರದವರು ಬಂದು ಸೇರುವುದು ಅಂದೇ. ಮೇಲಾಗಿ ಫೆಬ್ರವರಿಯಲ್ಲಿ ಇಲ್ಲಿನ ಶಾಲೆಗಳಿಗೆ ಕ್ಯಾಂಟನ್ನಿನಿಂದ (ಅಂದರೆ ಇಲ್ಲಿನ ರಾಜ್ಯ) ಕ್ಯಾಂಟನ್ನಿಗೆ ಬೇರೆಬೇರೆ ವಾರಗಳಲ್ಲಿ ರಜೆ ಇರುವುದರಿಂದ ರೈಲಿನಲ್ಲೂ ರಸ್ತೆಯಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರವೋ ಬುಧವಾರವೋ ಬಂದರೆ ಅದೇ ದಾರಿ ಎಷ್ಟು ಹಗುರವೆಂಬುದು ನಿಮಗೇ ತಿಳಿಯುತ್ತದೆ.

ಕಾರನ್ನು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಜೆರ್ಮಾಟ್‌ನೊಳಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಸುಮಾರು 5 ಕಿಲೋಮೀಟರು ಹಿಂದೆ ಟ್ಯಾಶ್ ಎಂಬಲ್ಲಿ ನಿಲ್ಲಿಸಿ, ಅಲ್ಲಿಂದ 12 ನಿಮಿಷದ ರೈಲನ್ನೇ ಹತ್ತಬೇಕು. ಕೊನೆಗೂ ರೈಲೇ ಗತಿಯೆಂದಾದ ಮೇಲೆ ಮೊದಲಿನಿಂದಲೇ ಅದರಲ್ಲಿ ಬರುವುದು ಜಾಣತನ. ಜ್ಯೂರಿಚ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಬರ್ನ್ ಮಾರ್ಗವಾಗಿ ಬ್ರಿಗ್‌ಗೆ ಹೋಗುವ ಗಾಡಿಯನ್ನು ಹತ್ತಿ, 34.6 ಕಿಲೋಮೀಟರು ಉದ್ದದ ಲ್ಯೋಟ್ಷ್‌ಬರ್ಗ್ ಸುರಂಗದಿಂದ ಹೊರಬಿದ್ದ ಕೂಡಲೇ ಸಾಮಾನು ಕೈಗೆತ್ತಿಕೊಂಡು ಬಾಗಿಲ ಬಳಿ ನಿಲ್ಲಿ, ಏಕೆಂದರೆ ಇಳಿದು ಜೆರ್ಮಾಟ್‌ನ ಚಿಕ್ಕ ರೈಲನ್ನು ಹತ್ತಬೇಕಾದ ವಿಸ್ಪ್ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಮಕ್ಕಳ ಗಡಿಬಿಡಿಯಲ್ಲಿ ಇಳಿಯಲಾಗದಿದ್ದರೂ ಹೆದರಬೇಕಿಲ್ಲ; ಜೆರ್ಮಾಟ್‌ನ ಚಿಕ್ಕ ರೈಲು ಬ್ರಿಗ್‌ನಿಂದಲೂ ಸಿಗುತ್ತದೆ, ಅಲ್ಲಿ ಅದು ನಿಲ್ದಾಣದ ಮುಂದಿನ ಚೌಕದಿಂದ ಹೊರಡುತ್ತದೆ. ಒಟ್ಟು ಪ್ರಯಾಣ ಸುಮಾರು ಮೂರೂವರೆ ಗಂಟೆ.

ಟಿಕೆಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮುಂಗಡವಾಗಿ ಅಗ್ಗಕ್ಕೆ ಸಿಗುವ ಟಿಕೆಟ್ ನೀವು ಆರಿಸಿದ ಗಾಡಿಗೆ ಮಾತ್ರ ಸಲ್ಲುತ್ತದೆ. ವಿಮಾನ ಒಂದು ಗಂಟೆ ತಡವಾದರೂ ಆ ದುಡ್ಡು ಹೋದಂತೆಯೇ. ಬರುವ ದಿನಕ್ಕೆ ಸಾಮಾನ್ಯ ಟಿಕೆಟನ್ನೇ ಕೊಳ್ಳಿ. ಹಿಂತಿರುಗುವಾಗ ಬೇಕಾದರೆ ಉಳಿತಾಯ ನೋಡೋಣ.

ಇನ್ನು ಸಾಮಾನು. ಸ್ಕೀ, ಬೂಟು, ಹೆಲ್ಮೆಟ್ ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಜಾಕೆಟ್ಟುಗಳನ್ನು ನಾವು ಕೊಡುತ್ತೇವೆ. ನೀವು ತರಬೇಕಾದದ್ದು ಉಣ್ಣೆಯ ಅಥವಾ ಸಿಂಥೆಟಿಕ್ ಒಳ ಉಡುಪು. ಹತ್ತಿಯದು ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ. ತಲಾ ಒಂದು ಜೊತೆ ಬೆಚ್ಚನೆಯ ಬಟ್ಟೆ, ಕೈಗವಸು ಮತ್ತು ತಂಪು ಕನ್ನಡಕವನ್ನು ವಿಮಾನದೊಳಗೆ ಒಯ್ಯುವ ಚೀಲದಲ್ಲೇ ಇಟ್ಟುಕೊಳ್ಳಿ. ನನ್ನ ಮೊದಲ ಚಳಿಗಾಲದಲ್ಲಿ ಸೂಟ್‌ಕೇಸು ನನಗಿಂತ ಎರಡು ದಿನ ತಡವಾಗಿ ಬಂದದ್ದರಿಂದ, ಆಫೀಸಿಗೆ ಹಾಕುವ ಶೂಗಳಲ್ಲೇ ಹಿಮದ ಮೇಲೆ ನಿಂತು ಉಳಿದವರು ಜಾರುವುದನ್ನು ನೋಡುತ್ತಿದ್ದೆ. ಚಕ್ರವಿರುವ ದೊಡ್ಡ ಪೆಟ್ಟಿಗೆಗಳೂ ಬೇಡ. ನಿಲ್ದಾಣದಿಂದ ಹೋಟೆಲಿಗೆ ಹೋಗುವ ಬೀದಿಯಲ್ಲಿ ತುಳಿದು ಗಟ್ಟಿಯಾದ ಹಿಮ ಚಕ್ರಗಳಿಗೆ ಮೆತ್ತಿಕೊಂಡು, ಹತ್ತು ಹೆಜ್ಜೆಯೊಳಗೆ ಅವು ತಿರುಗುವುದನ್ನೇ ನಿಲ್ಲಿಸುತ್ತವೆ. ಆಮೇಲೆ ಪೆಟ್ಟಿಗೆಯನ್ನು ಎಳೆಯುವುದೆಂದರೆ ಹಟ ಹಿಡಿದ ಕರುವನ್ನು ಎಳೆದಂತೆ. ಬೆನ್ನಿಗೆ ಹಾಕುವ ಚೀಲಗಳೇ ಸುಖ. ಇಲ್ಲವಾದರೆ ಊರಿನ ಪುಟ್ಟ ವಿದ್ಯುತ್ ಟ್ಯಾಕ್ಸಿಗಳಿವೆ.

ಹಿಂತಿರುಗುವ ದಿನದ ಲೆಕ್ಕದಲ್ಲಿ ಮಾತ್ರ ನಾನು ಹೇಳಿದಂತೆ ಕೇಳಬೇಕು. 2018ರ ಜನವರಿಯಲ್ಲಿ ಹಿಮಕುಸಿತದ ಭಯದಿಂದ ರಸ್ತೆ, ರೈಲು ಎರಡೂ ಮುಚ್ಚಿ, ಸುಮಾರು 13,000 ಪ್ರವಾಸಿಗರು ಜೆರ್ಮಾಟ್‌ನಲ್ಲೇ ಉಳಿಯಬೇಕಾಯಿತು. ಕೆಲವರನ್ನು ಹೆಲಿಕಾಪ್ಟರ್‌ನಲ್ಲಿ ಹೊರಗೆ ಕರೆತಂದರು. ಅಂಥದ್ದು ಪ್ರತಿವರ್ಷ ಆಗುವುದಿಲ್ಲವಾದರೂ, ಬೆಟ್ಟದಿಂದ ಬೆಳಿಗ್ಗೆ ಹೊರಟು ಅಂದೇ ಸಂಜೆಯ ವಿಮಾನ ಹಿಡಿಯುವ ಯೋಜನೆಗೆ ನಾನು ಒಪ್ಪುವುದಿಲ್ಲ. ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದುಬಿಡಿ, ಹಾಸಿಗೆಗಳಿಗೆ ಕೊರತೆಯಿಲ್ಲ.

ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲು ವಾರವನ್ನೂ ಬಂದಿಳಿಯುವ ಹೊತ್ತನ್ನೂ ತಿಳಿಸಿ. ಮಕ್ಕಳ ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದು ಕಳಿಸಿ, ಸ್ಕೀ ಬೂಟುಗಳ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ.

ಇತಿ,
ನಿಮ್ಮ ಪ್ರೀತಿಯ ತಮ್ಮ